ಮರ್ಮವೆಂದರೆ ಗುಟ್ಟೇ, ಕೋಶಕೇಂದ್ರವೇ?

ಎಂಟನೆಯ ತರಗತಿಯಲ್ಲಿ ಜೀವಶಾಸ್ತ್ರದ ಪಾಠ ನಡೆಯುತ್ತಿದೆ. ಕರಿಹಲಗೆಯ ಮೇಲೆ ಒಂದು ದೊಡ್ಡ ವೃತ್ತ, ಅದರೊಳಗೆ ಒಂದು ಚಿಕ್ಕ ವೃತ್ತ. ಅಧ್ಯಾಪಕರು ಚಿಕ್ಕ ವೃತ್ತದ ಮೇಲೆ ಬೆರಳಿಟ್ಟು ‘ಮರ್ಮಂ’ ಎನ್ನುತ್ತಾರೆ. ಕನ್ನಡ ಮಾಧ್ಯಮದ ವಿದ್ಯಾರ್ಥಿನಿ ತಲೆಯಾಡಿಸುತ್ತಾಳೆ. ಏಕೆಂದರೆ ‘ಮರ್ಮ’ ಆಕೆಗೆ ಗೊತ್ತಿರುವ ಪದ. ಗುಟ್ಟು, ಒಳ ಅರ್ಥ, ಪೆಟ್ಟು ತಗಲಬಾರದ ಜಾಗ. ಟಿಪ್ಪಣಿ ಪುಸ್ತಕದಲ್ಲಿ ‘ಜೀವಕೋಶದ ಮರ್ಮ’ ಎಂದು ಬರೆದುಕೊಂಡು ಮನೆಗೆ ಹೋಗುತ್ತಾಳೆ. ಹಾಗೆಂದರೇನೆಂದು ಅಮ್ಮ ಕೇಳಿದರೆ ‘ಜೀವಕೋಶದ ರಹಸ್ಯ’ ಎಂದು ಉತ್ತರಿಸುತ್ತಾಳೆ. ಆಕೆ ಪಾಠವನ್ನು ಗಮನವಿಟ್ಟು ಕೇಳಿದ್ದಾಳೆ. ಅಧ್ಯಾಪಕರೂ ತಪ್ಪು ಹೇಳಿಲ್ಲ. ಆದರೂ ಪಾಠ ಆಕೆಯನ್ನು ತಲುಪಲಿಲ್ಲ.

ಮಲೆಯಾಳದ ವಿಜ್ಞಾನ ಪರಿಭಾಷೆಯಲ್ಲಿ ‘ಮರ್ಮಂ’ ಎಂದರೆ ಇಂಗ್ಲಿಷಿನ ನ್ಯೂಕ್ಲಿಯಸ್, ಕನ್ನಡದ ಕೋಶಕೇಂದ್ರ. ಇದು ಯಾವುದೋ ಒಂದು ಶಾಲೆಯ ಕಥೆಯಲ್ಲ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದು ನಿಂತಲ್ಲೆಲ್ಲ ಹೀಗೆ ಆಗಬಹುದು. ಇಂಥ ನೇಮಕಾತಿಗಳ ವಿರುದ್ಧ ಕಾಸರಗೋಡಿನಲ್ಲಿ ಮಕ್ಕಳೂ ಹೆತ್ತವರೂ ಧರಣಿ ಕುಳಿತಿದ್ದಾರೆ, ಮನವಿ ಕೊಟ್ಟಿದ್ದಾರೆ. ಆ ಸಂದರ್ಭಗಳಲ್ಲೆಲ್ಲ ಭಾಷಾಭಿಮಾನದ ಮಾತು ಬೇಕಾದಷ್ಟು ಕೇಳಿಬರುತ್ತದೆ. ತರಗತಿಯೊಳಗೆ ಮಗು ನಿಖರವಾಗಿ ಏನನ್ನು ಕಳೆದುಕೊಳ್ಳುತ್ತದೆ ಎಂಬ ಲೆಕ್ಕ ಮಾತ್ರ ಅಪರೂಪ. ಆ ಲೆಕ್ಕ ಹಾಕುವುದಕ್ಕೆ ಜೀವಕೋಶದ ಪಾಠದಷ್ಟು ತಕ್ಕ ಪಾಠ ಇನ್ನೊಂದಿಲ್ಲ.

ಕಣ್ಣಿಗೆ ಕಾಣದ ಮೊದಲ ಪಾಠ

ಕೆಳಗಿನ ತರಗತಿಗಳ ವಿಜ್ಞಾನ ಹೆಚ್ಚಾಗಿ ಕಣ್ಣಿಗೆ ಕಾಣುವ ವಿಜ್ಞಾನ. ಎಲೆ, ಬೇರು, ಹೂವು, ಹಕ್ಕಿಯ ಕೊಕ್ಕು, ಮಣ್ಣಿನ ಬಗೆಗಳು ಎಲ್ಲವೂ ಅಂಗಳದಲ್ಲಿ ಸಿಗುತ್ತವೆ. ಪದ ತಿಳಿಯದಿದ್ದರೂ ವಸ್ತುವನ್ನು ಮುಂದಿಟ್ಟರೆ ಅರ್ಧ ಪಾಠ ಮುಗಿದಂತೆ. ಜೀವಕೋಶ ಹಾಗಲ್ಲ. ನಮ್ಮ ರಕ್ತದ ಒಂದು ಕೆಂಪು ಕಣದ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು ಮಾತ್ರ. ಮನುಷ್ಯನ ದೇಹದಲ್ಲಿ ಒಟ್ಟು ಸುಮಾರು 37 ಲಕ್ಷ ಕೋಟಿ ಜೀವಕೋಶಗಳಿವೆ ಎಂಬುದು ಒಂದು ಅಂದಾಜು. ಇಷ್ಟು ಸಣ್ಣದನ್ನೂ ಇಷ್ಟು ಹೆಚ್ಚಿನದನ್ನೂ ಮಗು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿಕೊಳ್ಳಲು ಅದರ ಕೈಯಲ್ಲಿರುವ ಆಸರೆ ಎರಡೇ: ಒಂದು ಸೂಕ್ಷ್ಮದರ್ಶಕ, ಇನ್ನೊಂದು ಪದ. ಸೂಕ್ಷ್ಮದರ್ಶಕ ಪ್ರಯೋಗಾಲಯದ ಕಪಾಟಿನಲ್ಲಿ ಬೀಗ ಹಾಕಿಕೊಂಡಿದ್ದರೆ ಉಳಿಯುವುದು ಪದವೊಂದೇ. ಅದೂ ಜಾರಿದರೆ ಮಗುವಿಗೆ ಉಳಿಯುವುದು ಉರು ಹೊಡೆಯುವ ದಾರಿ.

ಮುಂದಿನ ಪಾಠಗಳೆಲ್ಲ ನಿಂತಿರುವುದು ಇದರ ಮೇಲೆ. ಅಂಗಾಂಶ, ಜೀರ್ಣಕ್ರಿಯೆ, ರಕ್ತಪರಿಚಲನೆ, ನರಮಂಡಲ, ಅನುವಂಶೀಯತೆ ಯಾವುದನ್ನು ತೆಗೆದುಕೊಂಡರೂ ವಿವರಣೆ ಕೊನೆಗೆ ಜೀವಕೋಶದ ಬಾಗಿಲಿಗೇ ಬಂದು ನಿಲ್ಲುತ್ತದೆ. ಮನೆಗೆ ಬರುವ ರಕ್ತಪರೀಕ್ಷೆಯ ವರದಿ ಕೂಡ ಬಹುಮಟ್ಟಿಗೆ ಜೀವಕೋಶಗಳ ಎಣಿಕೆಯೇ. ನೆರೆಯ ವಯನಾಡಿನ ಬುಡಕಟ್ಟು ಜನರನ್ನು ಕಾಡುವ ಕುಡುಗೋಲು ಕಣ ರಕ್ತಹೀನತೆಯ ಹೆಸರೇ ಒಂದು ಕೋಶದ ಆಕಾರದಿಂದ ಬಂದದ್ದು: ದುಂಡಗಿರಬೇಕಾದ ಕೆಂಪು ರಕ್ತಕಣ ಕತ್ತಿಯಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಟನೆಯ ತರಗತಿಯ ಈ ಒಂದು ಪಾಠ ಗಟ್ಟಿಯಾದ ಮಗು ಇಂಥ ಸುದ್ದಿಯನ್ನು ಓದಿ ತಾನೂ ಅರ್ಥಮಾಡಿಕೊಳ್ಳಬಲ್ಲದು, ಮನೆಯವರಿಗೂ ಹೇಳಬಲ್ಲದು.

ಕೋಣೆಯೆಂದು ಕರೆದವರು, ಕೋಶವೆಂದು ಕರೆದವರು

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ‘ಮೈಕ್ರೋಗ್ರಾಫಿಯ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬಾಟಲಿಯ ಬಿರಡೆಗೆ ಬಳಸುವ ಕಾರ್ಕಿನ ತೆಳುವಾದ ಚೂರನ್ನು ಮಸೂರದ ಅಡಿಯಲ್ಲಿಟ್ಟಾಗ ಅವರಿಗೆ ಜೇನುಹುಟ್ಟಿನಂಥ ಸಾಲುಸಾಲು ಕಿಂಡಿಗಳು ಕಂಡವು. ಒಂದು ಘನ ಅಂಗುಲ ಕಾರ್ಕಿನಲ್ಲಿ ಅಂಥವು 120 ಕೋಟಿಗೂ ಹೆಚ್ಚಿವೆ ಎಂದು ಅವರು ಲೆಕ್ಕ ಹಾಕಿದರು. ಅವುಗಳಿಗೆ ಕೊಟ್ಟ ಹೆಸರು ಸೆಲ್, ಅಂದರೆ ಸಣ್ಣ ಕೋಣೆ. ಆದರೆ ಕಾರ್ಕು ಸತ್ತ ತೊಗಟೆ. ಹುಕ್ ಕಂಡದ್ದು ಜೀವ ಹೊರಟುಹೋದ ಮೇಲೆ ಉಳಿದ ಗೋಡೆಗಳನ್ನು. ಇಂಗ್ಲಿಷಿನ ಹೆಸರು ಹುಟ್ಟಿದ್ದು ಬರಿದಾದ ಕೋಣೆಯನ್ನು ನೋಡಿ.

ಜೀವಂತ ಕೋಶಗಳನ್ನು ಮೊದಲು ಕಂಡವರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್. ತಾವೇ ಉಜ್ಜಿ ತಯಾರಿಸಿದ ಸಣ್ಣ ಮಸೂರಗಳ ಮೂಲಕ 1670ರ ದಶಕದಲ್ಲಿ ಅವರು ಕೆರೆಯ ನೀರಿನ ಏಕಕೋಶ ಜೀವಿಗಳನ್ನು ನೋಡಿದರು. ಮುಂದೆ ಹಲ್ಲಿನ ಕೊಳೆಯಲ್ಲಿದ್ದ ಬ್ಯಾಕ್ಟೀರಿಯಗಳನ್ನೂ ನೋಡಿದರು. ಅವರಿಗೆ ವಿಶ್ವವಿದ್ಯಾಲಯದ ಶಿಕ್ಷಣ ಇರಲಿಲ್ಲ. ಆ ಕಾಲದ ಪಂಡಿತರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಗೆ ಅವರು ಬರೆದ ಪತ್ರಗಳೆಲ್ಲ ಮನೆಮಾತಾದ ಡಚ್ ಭಾಷೆಯಲ್ಲಿದ್ದವು. ಅನುವಾದಿಸಿಕೊಂಡು ಓದುವ ಕಷ್ಟ ಸೊಸೈಟಿಯದಾಗಿತ್ತು. ಗಡಿನಾಡಿನ ಹೆತ್ತವರು ಇದನ್ನು ನೆನಪಿಟ್ಟುಕೊಳ್ಳಬೇಕು. ನೋಡುವ ಕಣ್ಣು ನಿಖರವಾಗಿದ್ದರೆ, ಕಂಡದ್ದನ್ನು ತನ್ನ ಮಾತಿನಲ್ಲಿ ಸ್ಪಷ್ಟವಾಗಿ ಹೇಳಲು ಬಂದರೆ, ಭಾಷೆ ವಿಜ್ಞಾನಕ್ಕೆ ಅಡ್ಡಿಯಲ್ಲ.

ಮುಂದಿನದು ಬೇಗ ಹೇಳಬಹುದಾದ ಕಥೆ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಸಸ್ಯಗಳ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟರು. ನಮ್ಮ ಕಾಡುಮರಗಳಿಗೆ ಅಂಟಿಕೊಂಡು ಹೂಬಿಡುವ ಸೀತಾಳೆದಂಡೆಯೂ ಅದೇ ಆರ್ಕಿಡ್ ಕುಟುಂಬದ್ದು. 1838ರಲ್ಲಿ ಶ್ಲೈಡನ್ ಸಸ್ಯಗಳೆಲ್ಲ ಕೋಶಗಳಿಂದಾದವು ಎಂದರು. 1839ರಲ್ಲಿ ಶ್ವಾನ್ ಪ್ರಾಣಿಗಳಿಗೂ ಅದು ಸಲ್ಲುತ್ತದೆ ಎಂದರು. ಇರುವ ಕೋಶದಿಂದಲೇ ಹೊಸ ಕೋಶ ಹುಟ್ಟುತ್ತದೆ ಎಂಬ ಮಾತನ್ನು 1855ರಲ್ಲಿ ವಿರ್ಕೊ ಸ್ಥಿರಪಡಿಸಿದರು. ಅಲ್ಲಿಗೆ ಇಂದು ಪುಸ್ತಕದಲ್ಲಿರುವ ಕೋಶಸಿದ್ಧಾಂತ ಪೂರ್ಣವಾಯಿತು.

ಇಷ್ಟನ್ನೂ ಕನ್ನಡಕ್ಕೆ ತಂದವರು ಇಂಗ್ಲಿಷಿನ ಬರಿದಾದ ಕೋಣೆಯನ್ನು ತರಲಿಲ್ಲ. ಅವರು ಆರಿಸಿದ್ದು ‘ಕೋಶ’. ಕೋಶವೆಂದರೆ ಬೊಕ್ಕಸ, ಒರೆ, ಬೆಲೆಯುಳ್ಳದ್ದನ್ನು ಕಾಪಿಡುವ ಜಾಗ. ಪದಗಳನ್ನು ಕೂಡಿಟ್ಟರೆ ಪದಕೋಶ; ಜೀವವನ್ನು ಕೂಡಿಟ್ಟದ್ದು ಜೀವಕೋಶ. 1918ರಲ್ಲಿ ಬೆಂಗಳೂರಿನಿಂದ ಹೊರಟ ‘ವಿಜ್ಞಾನ’ ಮಾಸಪತ್ರಿಕೆಯ ಸಂಪಾದಕರಾದ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರಿಂದ ಹಿಡಿದು, ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ರಚಿಸಿದ ಶಿವರಾಮ ಕಾರಂತರವರೆಗೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಲೇ ಕನ್ನಡದಲ್ಲಿ ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರವರೆಗೆ, ಕನ್ನಡದಲ್ಲಿ ವಿಜ್ಞಾನ ಹೇಳುವ ಕೆಲಸವನ್ನು ಹಲವರು ದುಡಿದು ಬೆಳೆಸಿದ್ದಾರೆ. ಇಂದಿನ ಮಗು ಕಲಿಯುವ ಪದಗಳ ಹಿಂದೆ ಆ ದುಡಿಮೆಯಿದೆ.

ತಿಳಿದ ಪದವೇ ದಾರಿ ತಪ್ಪಿಸಿದಾಗ

ಕನ್ನಡದ ಪದಗಳನ್ನು ಒಂದೊಂದಾಗಿ ನೋಡಿದರೆ ಅವು ಪಾಠದ ಅರ್ಧವನ್ನು ತಾವೇ ಹೇಳಿಬಿಡುತ್ತವೆ. ಕೋಶವನ್ನು ಸುತ್ತಿಕೊಂಡಿರುವುದು ಕೋಶಪೊರೆ. ಹಾವು ಪೊರೆ ಬಿಡುವುದನ್ನು ಮಗು ಬಲ್ಲದು, ಅಜ್ಜನ ಕಣ್ಣಿಗೆ ಪೊರೆ ಬಂದದ್ದನ್ನು ಬಲ್ಲದು. ತೆಳುವಾದ ಹೊದಿಕೆಯೆಂಬುದು ಹೇಳದೆಯೇ ತಿಳಿಯುತ್ತದೆ. ‘ಪೊರೆ’ ಎಂದರೆ ಕಾಪಾಡು ಎಂಬ ಹಳೆಯ ಅರ್ಥವೂ ಇದೆ. ಕೋಶಪೊರೆ ಮಾಡುವುದು ಅದನ್ನೇ. ಬೇಕಾದದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ತಡೆದು ಕೋಶವನ್ನು ಅದು ಪೊರೆಯುತ್ತದೆ. ಸಸ್ಯಕೋಶಕ್ಕೆ ಪೊರೆಯ ಹೊರಗೆ ಇನ್ನೊಂದು ಗಟ್ಟಿ ಗೋಡೆಯಿದೆ, ಅದು ಕೋಶಭಿತ್ತಿ. ಒಳಗೆ ರಸ ತುಂಬಿಟ್ಟುಕೊಳ್ಳುವ ಚೀಲ ರಸದಾನಿ. ಹೂದಾನಿ ಗೊತ್ತಿರುವ ಮಗುವಿಗೆ ರಸದಾನಿ ಹೊಸದೆನಿಸದು.

ಮಲೆಯಾಳದ ಪದಗಳೂ ಮಲೆಯಾಳಿ ಮಗುವಿಗೆ ಇಷ್ಟೇ ಸಹಜವಾದವು. ತೊಂದರೆ ಇರುವುದು ಎರಡು ಭಾಷೆಗಳೂ ಸಂಸ್ಕೃತದ ಒಂದೇ ಕಣಜದಿಂದ ಬೇರೆಬೇರೆ ಪದಗಳನ್ನು ಆರಿಸಿಕೊಂಡದ್ದರಲ್ಲಿ. ಕೋಶಭಿತ್ತಿ ಮಲೆಯಾಳದಲ್ಲೂ ಕೋಶಭಿತ್ತಿಯೇ. ಕೋಶದ್ರವ್ಯ ಅಲ್ಲೂ ಕೋಶದ್ರವ್ಯವೇ. ಈ ಎರಡನ್ನು ಕೇಳಿದ ಮಗುವಿಗೆ ಎಲ್ಲವೂ ಒಂದೇ ಎಂಬ ಧೈರ್ಯ ಬರುತ್ತದೆ. ಆಮೇಲೆ ಅಧ್ಯಾಪಕರು ‘ಕೋಶಸ್ತರಂ’ ಎನ್ನುತ್ತಾರೆ. ಅದು ಕೋಶಪೊರೆ, ಆದರೆ ಕನ್ನಡದಲ್ಲಿ ಸ್ತರವೆಂದರೆ ಮಟ್ಟ, ಹಂತ. ‘ಫೇನಂ’ ಎನ್ನುತ್ತಾರೆ. ಅದು ರಸದಾನಿ, ಕನ್ನಡದಲ್ಲಿ ಫೇನವೆಂದರೆ ನೊರೆ. ‘ಹರಿತಕಣಂ’ ಎಂದರೆ ಎಲೆಯಲ್ಲಿ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್; ಕನ್ನಡದಲ್ಲಿ ಹರಿತವಾದದ್ದು ಕತ್ತಿಯ ಅಲಗು. ಮುಂದಿನ ಪಾಠದಲ್ಲಿ ‘ಕಲ’ ಬರುತ್ತದೆ. ಅದು ಅಂಗಾಂಶ, ಕನ್ನಡದ ಮಗು ಕೇಳಿಸಿಕೊಳ್ಳುವುದು ‘ಕಲೆ’, ಅಂದರೆ ಚಿತ್ರಕಲೆ ಅಥವಾ ಬಟ್ಟೆಗೆ ಹತ್ತಿದ ಮಚ್ಚೆ.

ಪೂರ್ತಿ ಗೊತ್ತಿಲ್ಲದ ಪದ ಬಂದರೆ ಮಗು ಕೈಯೆತ್ತಿ ಕೇಳುತ್ತದೆ. ಗೊತ್ತಿದೆಯೆಂದು ತೋರುವ ಪದ ಬಂದಾಗ ಕೇಳುವುದಿಲ್ಲ. ಆದ್ದರಿಂದಲೇ ಈ ನಷ್ಟ ಯಾರ ಗಮನಕ್ಕೂ ಬಾರದೆ ನಡೆಯುತ್ತದೆ. ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಪತ್ರಿಕೆ ಕೈಗೆ ಬಂದು ಕೋಶಕೇಂದ್ರದ ಕಾರ್ಯಗಳನ್ನು ಬರೆಯಿರಿ ಎಂದಾಗ, ತರಗತಿಯಲ್ಲಿ ಕೇಳಿದ ‘ಮರ್ಮಂ’ ಅದೇ ಎಂಬುದು ಹೊಳೆಯದೆ ಮಗು ಪ್ರಶ್ನೆಯನ್ನು ಬಿಟ್ಟುಬಿಡುತ್ತದೆ. ಮನೆಯಲ್ಲಿ ಅದಕ್ಕೆ ಸಿಗುವ ಹೆಸರು ‘ಓದಿನಲ್ಲಿ ಹಿಂದೆ’.

ಈರುಳ್ಳಿಯ ಸಿಪ್ಪೆ, ಮಾವಿನ ಮಿಡಿ

ಪದದ ಜೊತೆಗೆ ಕಣ್ಣೂ ಸೇರಬೇಕು. ಈರುಳ್ಳಿಯ ಒಂದು ಪದರವನ್ನು ಮುರಿದು ಅದರ ಒಳಮೈಯಿಂದ ತೆಳುವಾದ ಸಿಪ್ಪೆಯನ್ನು ಎಳೆದು, ಗಾಜಿನ ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಹರಡಿ, ಒಂದು ತೊಟ್ಟು ಸಾಫ್ರನಿನ್ ಬಣ್ಣ ಹಾಕಿದರೆ ಇಟ್ಟಿಗೆ ಜೋಡಿಸಿದಂತೆ ಕೋಶಗಳ ಸಾಲು ಕಾಣುತ್ತದೆ. ಮೇಲೆ ಮುಚ್ಚುವ ತೆಳು ಗಾಜನ್ನು ಓರೆಯಾಗಿ ಹಿಡಿದು ಮೆಲ್ಲಗೆ ಇಳಿಸಬೇಕು. ಇಲ್ಲದಿದ್ದರೆ ಗಾಳಿಯ ಗುಳ್ಳೆಗಳು ಸೇರಿಕೊಳ್ಳುತ್ತವೆ. ಕಪ್ಪು ಅಂಚಿನ ಆ ದುಂಡು ಗುಳ್ಳೆಗಳನ್ನೇ ಜೀವಕೋಶವೆಂದು ಬರೆದುಕೊಂಡು ಹೋಗುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಇನ್ನು ಕೆಲವರು ಈರುಳ್ಳಿಯ ಕೋಶದ ಚಿತ್ರದಲ್ಲಿ ಹಸುರು ಕ್ಲೋರೋಪ್ಲಾಸ್ಟ್‌ಗಳನ್ನೂ ಬರೆಯುತ್ತಾರೆ, ಪುಸ್ತಕದ ಸಸ್ಯಕೋಶದ ಚಿತ್ರದಲ್ಲಿ ಇದ್ದದ್ದರಿಂದ. ಮಣ್ಣಿನೊಳಗೆ ಬೆಳಕಿಲ್ಲದೆ ಬೆಳೆದ ಗಡ್ಡೆಯ ಸಿಪ್ಪೆಯಲ್ಲಿ ಅವು ಇರುವುದಿಲ್ಲ. ‘ಇಲ್ಲಿ ಹಸುರು ಏಕಿಲ್ಲ?’ ಎಂದು ಮಗು ತನ್ನ ಮಾತಿನಲ್ಲಿ ಕೇಳಿ, ಅದೇ ಮಾತಿನಲ್ಲಿ ಉತ್ತರ ಪಡೆದರೆ ಆ ದಿನ ಕಲಿತದ್ದು ಮರೆತುಹೋಗದು. ಈ ಕೇಳುವಿಕೆಗೇ ಅಧ್ಯಾಪಕರಿಗೂ ಮಗುವಿಗೂ ನಡುವೆ ಒಂದು ಭಾಷೆ ಬೇಕು.

ಸೂಕ್ಷ್ಮದರ್ಶಕ ದೊರೆಯದಿದ್ದರೂ ಕೋಶಪೊರೆಯ ಕೆಲಸವನ್ನು ಅಡುಗೆಮನೆಯಲ್ಲಿ ನೋಡಬಹುದು. ಮಾವಿನ ಮಿಡಿಯನ್ನು ಭರಣಿಯಲ್ಲಿ ಉಪ್ಪಿನೊಡನೆ ಪದರಪದರವಾಗಿ ಹಾಕುತ್ತಾರೆ, ನೀರನ್ನೇನೂ ಸೇರಿಸುವುದಿಲ್ಲ. ಕೆಲವು ದಿನಗಳಲ್ಲಿ ಭರಣಿಯಲ್ಲಿ ನೀರು ನಿಲ್ಲುತ್ತದೆ, ಗಟ್ಟಿ ಮಿಡಿ ಸುಕ್ಕುಗಟ್ಟುತ್ತದೆ. ಆ ನೀರು ಬಂದದ್ದು ಮಿಡಿಯ ಲಕ್ಷಾಂತರ ಕೋಶಗಳ ರಸದಾನಿಗಳಿಂದ. ಹೊರಗೆ ಉಪ್ಪು ಹೆಚ್ಚಾದಾಗ ಕೋಶಪೊರೆಯ ಮೂಲಕ ನೀರು ಹೊರಗೆ ಹರಿಯುತ್ತದೆ. ಇದರ ಹೆಸರು ಅಭಿಸರಣೆ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿಟ್ಟು ಮಳೆಗಾಲಕ್ಕೆ ಕಾಪಿಡುವ ಉಪ್ಪುಸೊಳೆ, ತುಳುವಿನ ಉಪ್ಪಡ್ ಪಚ್ಚಿಲ್, ಕೆಡದೆ ಉಳಿಯುವುದರ ಹಿಂದೆಯೂ ಇದೇ ಇದೆ: ಕೊಳೆಸಲು ಬರುವ ಬ್ಯಾಕ್ಟೀರಿಯಗಳ ಕೋಶಗಳೂ ಉಪ್ಪಿನಲ್ಲಿ ನೀರು ಕಳೆದುಕೊಳ್ಳುತ್ತವೆ. ಪಾಯಸಕ್ಕೆ ಹಾಕಲು ನೆನೆಸಿದ ಒಣದ್ರಾಕ್ಷಿ ಉಬ್ಬುವಾಗ ನೀರು ಹರಿಯುವುದು ಒಳಮುಖವಾಗಿ. ಅಮ್ಮನಿಗೂ ಅಜ್ಜಿಗೂ ಗೊತ್ತಿರುವ ಕೆಲಸಕ್ಕೆ ಮಗು ಕಾರಣ ಹೇಳಬಲ್ಲ ಪಾಠವಿದು.

ಸೂಕ್ಷ್ಮದರ್ಶಕವೂ ಈಗ ದೂರದ ಮಾತಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ, ಕಾಗದ ಮಡಚಿ ಮಾಡುವ ‘ಫೋಲ್ಡ್‌ಸ್ಕೋಪ್’ ವಸ್ತುವನ್ನು ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಈರುಳ್ಳಿಯ ಕೋಶ ನೋಡಲು ಅಷ್ಟು ಸಾಕು.

ಮುಂದಿನ ಮೆಟ್ಟಿಲು

ಗಡಿನಾಡಿನ ಮಗುವಿನ ದಾರಿ ಒಂದೇ ಭಾಷೆಯದಲ್ಲ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ, ಕಚೇರಿಯಲ್ಲಿ ಮಲೆಯಾಳ, ಪ್ಲಸ್ ವನ್ ವಿಜ್ಞಾನಕ್ಕೆ ಸೇರಿದೊಡನೆ ಇಂಗ್ಲಿಷ್ ಪುಸ್ತಕ. ‘ಹೇಗೂ ಮುಂದೆ ಇಂಗ್ಲಿಷ್ ತಾನೆ, ಈಗಲೇ ಇಂಗ್ಲಿಷ್ ಮಾಧ್ಯಮವಾಗಲಿ’ ಎಂಬ ಹೆತ್ತವರ ಮಾತಿಗೆ ಇದೇ ಕಾರಣ. ಅವರ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಕೋಶಪೊರೆ ಏನು ಮಾಡುತ್ತದೆಂದು ಒಮ್ಮೆ ಸ್ಪಷ್ಟವಾಗಿ ತಿಳಿದ ಮಗುವಿಗೆ ಅದರ ಹೆಸರು ‘ಸೆಲ್ ಮೆಂಬ್ರೇನ್’ ಎಂದು ಕಲಿಯಲು ಒಂದು ಸಂಜೆ ಸಾಕು. ತಿಳಿಯದೆ ಹೆಸರನ್ನಷ್ಟೇ ಕಲಿತ ಮಗುವಿಗೆ ಪ್ಲಸ್ ವನ್ನಿನಲ್ಲಿ ಎಲ್ಲವೂ ಮೊದಲಿನಿಂದ. ಮೈಟೋಕಾಂಡ್ರಿಯ, ರೈಬೋಸೋಮ್ ಮುಂತಾದವು ಕನ್ನಡದಲ್ಲೂ ಅದೇ ಹೆಸರಿನಿಂದ ಇರುವುದರಿಂದ ಹೊಸದಾಗಿ ಕಲಿಯಬೇಕಾದ ಹೆಸರುಗಳೂ ಬಹಳವಿಲ್ಲ.

ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಒಂದು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ. ಕಾಸರಗೋಡಿನ ಮಗು ಕನ್ನಡದಲ್ಲಿ ಬರೆಯಬೇಕಾದರೆ ಅರ್ಜಿ ತುಂಬುವಾಗಲೇ ಮಂಗಳೂರಿನಂಥ ಊರನ್ನು ಆರಿಸಬೇಕು. ಇದು ಅರ್ಜಿಯ ಕೊನೆಯ ದಿನ ತಿಳಿದರೆ ಪ್ರಯೋಜನವಿಲ್ಲ.

ಕಾನೂನು ಎಲ್ಲಿಯವರೆಗೆ ಜೊತೆಗಿದೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ ಆ ವಿಧಿ. ‘ಪ್ರಾಥಮಿಕ ಹಂತ’ ಎಂಬ ಮಾತನ್ನು ಗಮನಿಸಬೇಕು. ಕೇರಳದ ಶಾಲಾ ವ್ಯವಸ್ಥೆಯಲ್ಲಿ ಎಂಟನೆಯ ತರಗತಿ ಪ್ರೌಢಶಾಲೆಗೆ ಸೇರಿದ್ದು. ಪದ ಅತ್ಯಂತ ಅಗತ್ಯವಾಗುವ ಪಾಠ ಬರುವ ಹೊತ್ತಿಗೆ ಆ ವಿಧಿಯ ಆಸರೆ ತೆಳುವಾಗುತ್ತದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಎಂಟರವರೆಗಿನ ತರಗತಿಗಳಿಗೆ ಅನ್ವಯಿಸುತ್ತದೆ. ಬೋಧನಾ ಮಾಧ್ಯಮ ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂದು ಅದರ 29ನೆಯ ಪ್ರಕರಣ ಹೇಳುತ್ತದೆ. ಜೀವಕೋಶದ ಪಾಠ ಆ ಗೆರೆಯ ಒಳಗೇ ಇದೆ.

ಮಾಧ್ಯಮದ ಆಯ್ಕೆ ಹೆತ್ತವರದು, ಸರಕಾರ ಅದನ್ನು ಹೇರಲಾಗದು ಎಂದು 2014ರಲ್ಲಿ ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಆ ತೀರ್ಪನ್ನು ಸಾಮಾನ್ಯವಾಗಿ ಇಂಗ್ಲಿಷ್ ಮಾಧ್ಯಮದ ಪರವಾಗಿ ಓದಲಾಗುತ್ತದೆ. ಆಯ್ಕೆ ಹೆತ್ತವರದೆಂದ ಮೇಲೆ ಕನ್ನಡವನ್ನು ಆರಿಸಿದವರ ಆಯ್ಕೆಗೂ ಅದೇ ಗೌರವ ಸಲ್ಲಬೇಕು. ಪುಸ್ತಕ ಕನ್ನಡದಲ್ಲಿದ್ದು ಪಾಠ ಕನ್ನಡದಲ್ಲಿಲ್ಲದಿದ್ದರೆ ಅದು ಆಯ್ಕೆಯ ಹೆಸರಷ್ಟೇ.

ಹೆತ್ತವರು ಮಾಡಬಹುದಾದದ್ದು ಕಡಿಮೆಯೇನಲ್ಲ. ಶಾಲೆಯ ಕನ್ನಡ ವಿಭಾಗದಲ್ಲಿ ವಿಜ್ಞಾನದ ಎಷ್ಟು ಹುದ್ದೆಗಳಿವೆ, ಯಾವ ಹುದ್ದೆ ಎಂದಿನಿಂದ ಖಾಲಿಯಿದೆ, ನೇಮಕಗೊಂಡವರ ಕನ್ನಡ ಅರ್ಹತೆಯೇನು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ದೂರನ್ನು ಕನ್ನಡದಲ್ಲೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಪ್ರಯೋಗಾಲಯದ ಕಪಾಟು ಈ ವರ್ಷ ಎಷ್ಟು ಬಾರಿ ತೆರೆಯಿತೆಂದು ಕೇಳಬಹುದು.

ಕನ್ನಡ ಬಾರದ ಅಧ್ಯಾಪಕರು ಈಗಾಗಲೇ ಬಂದಿದ್ದರೆ ವ್ಯಾಜ್ಯ ಮುಗಿಯುವವರೆಗೆ ಮಗುವಿನ ವರ್ಷ ಕಾಯುವುದಿಲ್ಲ. ನೋಟುಪುಸ್ತಕದ ಕೊನೆಯ ಪುಟದಲ್ಲಿ ಮೂರು ಕಂಬಗಳನ್ನು ಎಳೆಯಲಿ: ಕನ್ನಡ, ಮಲೆಯಾಳ, ಇಂಗ್ಲಿಷ್. ಕೋಶಕೇಂದ್ರ, ಮರ್ಮಂ, ನ್ಯೂಕ್ಲಿಯಸ್. ಕೋಶಪೊರೆ, ಕೋಶಸ್ತರಂ, ಸೆಲ್ ಮೆಂಬ್ರೇನ್. ರಸದಾನಿ, ಫೇನಂ, ವ್ಯಾಕ್ಯುವೋಲ್. ಅಂಗಾಂಶ, ಕಲ, ಟಿಶ್ಯೂ. ಪ್ರತಿ ಪಾಠಕ್ಕೆ ಹತ್ತು ಪದ ಸಾಕು. ಆ ಪುಟವನ್ನು ಅಧ್ಯಾಪಕರಿಗೂ ತೋರಿಸಲಿ. ಅವರಿಗೂ ಅದು ಬೇಕಾದದ್ದೇ. ಹುದ್ದೆಗೆ ಕನ್ನಡ ಬಲ್ಲವರೇ ಬರಬೇಕೆಂಬ ಬೇಡಿಕೆ ಹಾಗೆಯೇ ಇರಲಿ.

ಬರುವ ಬೇಸಗೆಯಲ್ಲಿ ಮಿಡಿಯ ಭರಣಿ ತೆರೆದಾಗ ‘ನೀರು ಎಲ್ಲಿಂದ ಬಂತು?’ ಎಂದು ಮನೆಯಲ್ಲಿ ಮಗುವನ್ನು ಕೇಳಿನೋಡಬೇಕು. ಅದು ಪೊರೆ, ರಸದಾನಿ, ಉಪ್ಪು ಎಂಬ ಮೂರು ಪದಗಳನ್ನು ಸೇರಿಸಿ ಕಾರಣ ಹೇಳಿದರೆ ಎಂಟನೆಯ ತರಗತಿಯ ಪಾಠ ಆ ಮನೆಯನ್ನು ತಲುಪಿದೆ ಎಂದು ತಿಳಿಯಬಹುದು.